ಗಂಗುಲಪ್ಪನನ್ನು ಕೂರಿಸಿದ್ದು

“ಮಂಡಿ ಬಗ್ತಾ ಇಲ್ಲ ರತ್ನಮ್ಮ,” ಎಂದ ಪಾಪಯ್ಯ, ತಮ್ಮ ಗಂಗುಲಪ್ಪನ ಎಡಗಾಲನ್ನು ಚಾಪೆಯ ಮೇಲೆ ಬಿಟ್ಟು ಬೆವರೊರೆಸಿಕೊಳ್ಳುತ್ತ. “ರಾತ್ರಿಯೆಲ್ಲ ಶವಾಗಾರದಲ್ಲಿ ಉದ್ದಕ್ಕೆ ಮಲಗಿಸಿದ್ರಲ್ಲ, ಸೆಟೆದುಕೊಂಡವ್ನೆ. ಮಲಗಿಸೇ ಮಣ್ಣು ಮಾಡಣ.”

“ಇನ್ನೊಂದು ಸಲ ನೋಡಿ ಭಾವ.” ವೆಂಕಟರತ್ನಮ್ಮ ಗಂಡನ ಮಂಡಿಯ ಮೇಲೆ ಬಿಸಿನೀರಿನ ಬಟ್ಟೆ ಹಾಕಿದಳು.

ಕೈವಾರದ ಹತ್ತಿರದ ಆ ಊರಿನಲ್ಲಿ ಗುರುಗಳಿಂದ ಬೋಧೆ, ಅಂದರೆ ಮಂತ್ರೋಪದೇಶ, ತೆಗೆದುಕೊಂಡವರನ್ನು ಮಲಗಿಸಿ ಹೂಳುವುದಿಲ್ಲ. ಕುರ್ಚಿಯಲ್ಲಿ ಕೂರಿಸಿ ಮೆರವಣಿಗೆ ಮಾಡಿ, ಕೂತ ಭಂಗಿಯಲ್ಲೇ ಗುಂಡಿಗಿಳಿಸುತ್ತಾರೆ. ಗುಂಡಿಯನ್ನೂ ಅದೇ ಅಳತೆಗೆ ತೋಡಿ ಆಗಿತ್ತು.

“ಗುರುಗಳೇನು ಟೇಪು ಹಿಡ್ಕೊಂಡು ನೋಡಕ್ಕೆ ಬರ್ತಾರಾ?”

“ಅವರು ನೋಡದಿದ್ರೆ ಬೇಡ. ನಾನು ನೋಡ್ತೀನಲ್ಲ.”

*

ಗಂಗುಲಪ್ಪ ಕೆಲಸಕ್ಕಿದ್ದ ಚಿಂತಾಮಣಿಯ ಬಟ್ಟೆ ಮಳಿಗೆಯಲ್ಲಿ ಕೂರುವ ಅನುಕೂಲಕ್ಕೇನೂ ಕೊರತೆಯಿರಲಿಲ್ಲ. ಸೀರೆ ಆರಿಸುವವರ ಗಂಡಂದಿರಿಗೆಂದೇ ಸೋಫಾಗಳಿದ್ದವು. ಅವರು ಅಲ್ಲಿ ಗೊರಕೆ ಹೊಡೆಯುತ್ತಿದ್ದರು. ಸೆಕ್ಯುರಿಟಿಯವನು ಮಾತ್ರ ನಿಂತೇ ಬಾಗಿಲು ತೆಗೆಯಬೇಕು, ಸಲಾಂ ಹೊಡೆಯಬೇಕು, ಹೊರಗೆ ಹೋಗುವವರ ಬಿಲ್ಲು ನೋಡಬೇಕು. ಒಂದು ಮಧ್ಯಾಹ್ನ, ಗಿರಾಕಿಗಳಿಲ್ಲದಾಗ, ಗಂಗುಲಪ್ಪ ಸೋಫಾದ ತುದಿಗೆ ಕೂತ. ಮೇಲಿದ್ದ ಕ್ಯಾಮೆರಾ ತನ್ನನ್ನೂ ಕಾಯುತ್ತದೆಂದು ಅವನಿಗೆ ಆವತ್ತು ತಿಳಿಯಿತು. ಸೂಪರ್‌ವೈಸರ್ ಮುರಳಿಮೋಹನ್ ಆ ಚಿತ್ರವನ್ನು ಗಾರ್ಡುಗಳ ವಾಟ್ಸಾಪ್ ಗುಂಪಿಗೆ ಹಾಕಿ, ಕೆಳಗೆ “ಮಹಾರಾಜರು” ಎಂದು ಬರೆದ.

ಆಮೇಲೆ ಗಂಗುಲಪ್ಪ ಮನೆಯಲ್ಲೂ ನಿಂತೇ ಉಣ್ಣತೊಡಗಿದ.

“ಕೂತ್ಕೊಂಡು ತಿನ್ನಬಾರ್ದಾ?”

“ಕೂತ್ರೆ ಮತ್ತೆ ಏಳಕ್ಕಾಗಲ್ಲ ಕಣೇ.”

“ಬಿಟ್ಬಿಡಿ ಆ ಕೆಲ್ಸ.”

“ಬಿಟ್ಟು?”



ಯುಗಾದಿ ಕಳೆದ ಮೇಲೆ ಅವನು ಇದ್ದಕ್ಕಿದ್ದಂತೆ ಬೋಧೆ ತೆಗೆದುಕೊಂಡು ಬಂದ. ದೇವರಿಗೆ ಕೈ ಮುಗಿಯುವುದನ್ನೂ ಮರೆಯುವ ಮನುಷ್ಯ.

“ಏನ್ರೀ ಇದು, ಹೊಸ ಭಕ್ತಿ?” ಎಂದಳು ವೆಂಕಟರತ್ನಮ್ಮ.

ಅವನು ನಕ್ಕ. “ಸತ್ತಮೇಲಾದ್ರೂ ಕೂರಿಸ್ತಾರಂತಲ್ಲ.”

*

ಮುರಳಿಮೋಹನ್ ಹಾರ ಹಿಡಿದು ಬಂದ. ಹೆಣಕ್ಕೆ ಹಾರ ಹಾಕಿ, ಸುತ್ತ ನೋಡಿ, ಅಂಗಳದಲ್ಲಿದ್ದ ಕೆಂಪು ಕುರ್ಚಿಯಲ್ಲಿ ಕೂತ. ಅದಕ್ಕೆ ಬಾಳೆಕಂದು ಕಟ್ಟಿದ್ದನ್ನು ತನಗೆ ಮಾಡಿದ ಮರ್ಯಾದೆ ಅಂದುಕೊಂಡನೋ ಏನೋ.

“ಏಳಪ್ಪ,” ಎಂದಳು ವೆಂಕಟರತ್ನಮ್ಮ, ಮಂಡಿಗೆ ತಿಕ್ಕಿ ತಿಕ್ಕಿ ಕೈಯೆಲ್ಲ ಹರಳೆಣ್ಣೆ. “ಅದು ಅವರ ಜಾಗ.”

ಅವನು ದಡಬಡಿಸಿ ಎದ್ದ. “ನಿಂತೇ ಇರ್ತೀನಮ್ಮ, ಪರವಾಗಿಲ್ಲ.”

“ನಿಂತ್ಕೊಳ್ಳಿ ಸಾರ್,” ಎಂದ ಪಾಪಯ್ಯ. “ಅಭ್ಯಾಸ ಆಗುತ್ತೆ.”

ಪಾಪಯ್ಯ ಮತ್ತೆ ಮಂಡಿಯೂರಿ ತಮ್ಮನ ಕಾಲು ಹಿಡಿದ. ಒತ್ತಿದ. ಬಿಟ್ಟ. ಇನ್ನೊಮ್ಮೆ, ಹಲ್ಲು ಕಚ್ಚಿ ಒತ್ತಿದ.

“ಮೆಲ್ಲಗೆ ಭಾವ, ನೋಯುತ್ತೆ!”

ಟಕ್ ಎಂದಿತು. ಎಡಗಾಲು ಬಗ್ಗಿತು, ಸ್ವಲ್ಪ ಹೊತ್ತಿಗೆ ಬಲಗಾಲೂ, ಸೊಂಟವೂ.

ಕುರ್ಚಿಯಲ್ಲಿ ಕೂರಿಸಿ, ಎದೆಗೆ ಪಂಚೆ ಸುತ್ತಿ ಕಟ್ಟಿದರು. ಆದರೆ ಕೈ ಬಿಟ್ಟ ಕೂಡಲೇ ಮಂಡಿಗಳು ಮತ್ತೆ ಸೆಟೆದು, ಯಾರೋ ಗಿರಾಕಿ ಬಂದಂತೆ ಗಂಗುಲಪ್ಪ ಏಳಲು ಹೊರಡುತ್ತಿದ್ದ. ಕಾಲಿಗೂ ಹಗ್ಗ ತರಲು ಪಾಪಯ್ಯ ಹೇಳಿದ.

“ಕಾಲು ಕಟ್ಬೇಡಿ,” ಎಂದಳು ವೆಂಕಟರತ್ನಮ್ಮ.

ಅವಳು ಎದುರಿಗೆ ಬಂದು ಎರಡೂ ಮಂಡಿಗಳ ಮೇಲೆ ಅಂಗೈ ಊರಿದಳು. ತಮಟೆ ಶುರುವಾಯಿತು. ನಾಲ್ವರು ಕುರ್ಚಿಯನ್ನು ಸೊಂಟದೆತ್ತರಕ್ಕೆ ಎತ್ತಿ ಹೊರಟರು. ಊರ ಕೊನೆಯ ಮನೆಯ ಹತ್ತಿರ ಹೆಂಗಸರೆಲ್ಲ ವಾಡಿಕೆಯಂತೆ ನಿಂತರು. ವೆಂಕಟರತ್ನಮ್ಮ ಮಾತ್ರ ಗಂಡನ ಮುಖ ನೋಡುತ್ತ, ಮಂಡಿಗಳನ್ನು ಅದುಮಿ ಹಿಡಿದು, ಹಿಂದುಹಿಂದಕ್ಕೆ ಹೆಜ್ಜೆ ಹಾಕುತ್ತ ಮಸಣದ ದಾರಿಗಿಳಿದಳು.