ಅಮೆರಿಕದ ಕತೆಯ ಉಳಿದರ್ಧ

ಗುರುಸಂಗಪ್ಪನವರನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸುವಾಗ ತಲೆ ಮತ್ತೆ ಮತ್ತೆ ಎಡಕ್ಕೆ ವಾಲುತ್ತಿತ್ತು. ಅನ್ನದಾನಮ್ಮನ ತಮ್ಮ ಕರಿಸಿದ್ದಪ್ಪ ಗದ್ದಕ್ಕೆ ಬಿಳಿ ಬಟ್ಟೆ ಸುತ್ತಿ, ನೆತ್ತಿಯ ಮೇಲೆ ಗಂಟು ಹಾಕಿ, ಹಿಂದಿನ ಗೂಟಕ್ಕೆ ಬಿಗಿದ. ಅಯ್ಯನವರು ಹಣೆಗೆ ವಿಭೂತಿ ಬಳಿದರು.

"ಚಾಳೀಸು ಹಾಕ್ರಿ," ಎಂದಳು ಅನ್ನದಾನಮ್ಮ. "ಅದಿಲ್ಲಂದ್ರ ಅವರಂಗ ಕಾಣವಲ್ರು."

ಯಾರೋ ಕನ್ನಡಕ ಹುಡುಕಿ ತಂದು ಹಾಕಿದರು. ಅವಳು ಗಂಡನ ಪಕ್ಕದಲ್ಲಿ ಕೂತಳು. ಅಳು ಬೆಳಿಗ್ಗೆಯೇ ಬಂದು ಹೋಗಿತ್ತು. ಈಗ ಅವಳ ತಲೆಯೊಳಗೆ ಕೂತಿದ್ದು ಬೇರೆಯೇ ಮಾತು, ಬಾಯಿಬಿಟ್ಟು ಹೇಳಿದರೆ ಮಂದಿ ಏನಂದುಕೊಂಡಾರು ಅನ್ನುವಂಥದ್ದು.

ಆ ಅಣ್ಣ ಬೇಲಿ ದಾಟಿದನೋ ಇಲ್ಲವೋ?

*

ಹಿಂದಿನ ಸಂಜೆ ಅವಳು ರೊಟ್ಟಿ ಬಡಿಯುತ್ತಿದ್ದಾಗ ಗುರುಸಂಗಪ್ಪನವರು ಎಂದಿನಂತೆ ಅಡುಗೆಮನೆಯ ಬಾಗಿಲಲ್ಲಿ ಮಣೆ ಹಾಕಿಕೊಂಡು ಕೂತಿದ್ದರು. ಹಗರಿಬೊಮ್ಮನಹಳ್ಳಿಯ ಕಾಲೇಜಿನಲ್ಲಿ ಅವರು ಇಂಗ್ಲಿಷ್ ಮೇಷ್ಟ್ರು. ಬಿ.ಎ. ಹುಡುಗರಿಗೆ ಅಮೆರಿಕದ ಹಳೆಯ ಸಣ್ಣಕತೆಗಳ ಪಾಠ ಮಾಡುತ್ತ ತಲೆಗೂದಲು ಬೆಳ್ಳಗಾಗಿದ್ದವು. ಹುಡುಗರು ಗೈಡು ಓದುತ್ತಿದ್ದರು, ಕತೆ ಓದುತ್ತಿರಲಿಲ್ಲ. ಈಚೆಗೆ ಸಿಲಬಸ್ ಬದಲಾಗಿ ಆ ಪಾಠವೂ ಹೋಯಿತು. ಸ್ಟಾಫ್ ರೂಮಿನಲ್ಲಿ ಸೈಟು, ಡಿ.ಎ., ಮಕ್ಕಳ ಸೀಟು, ಇವುಗಳ ಮಾತೇ. ಕತೆ ಕೇಳಲು ಉಳಿದವಳು ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಹೆಂಡತಿ ಒಬ್ಬಳೇ. ಮಕ್ಕಳಿಲ್ಲದ ಮನೆ, ಸಂಜೆಗಳು ಉದ್ದವಾಗಿರುತ್ತಿದ್ದವು.

"ಅಣ್ಣ, ತಮ್ಮ. ಅಕ್ಕಪಕ್ಕ ಹೊಲಮನಿ, ನಡುವ ಬೇಲಿ," ಎಂದು ಶುರುಮಾಡಿದ್ದರು. "ಒಂದು ಹಣ್ಣಿನ ಗಿಡದ ಸಲುವಾಗಿ ಮಾತು ಬಿಟ್ಟೋರು ಹಂಗಽ ಮುದುಕರಾಗ್ಯಾರ. ಆ ಊರಾಗ ಮಂಜು ಬಿದ್ದು ಬಿದ್ದು ಮೊಣಕಾಲುದ್ದ ಕೂತೈತಿ. ಒಂದಿನ ಅಣ್ಣ ಎದ್ದು ನೋಡ್ತಾನ, ತಮ್ಮನ ಮನಿಯಿಂದ ಹೊಗಿ ಬರವಲ್ದು. ಮಧ್ಯಾಹ್ನ ನೋಡ್ತಾನ, ಆಗೂ ಇಲ್ಲ. ಸಲಿಕಿ ತಗೊಂಡು ಮಂಜು ಎಳೀತಾ ಎಳೀತಾ ದಾರಿ ಮಾಡ್ಕೊಂತ ಬಂದು, ಬೇಲಿ ಹತ್ರ ನಿಂತ."

"ಆಮ್ಯಾಲೆ?"

"ನಾಳಿ ಹೇಳ್ತೀನಿ."

"ಯಾವಾಗ್ಲೂ ಹಿಂಗಽ ಮಾಡ್ತೀರಿ. ತಮ್ಮ ಬದುಕ್ಯಾನೋ ಇಲ್ಲೋ, ಅಷ್ಟರ ಹೇಳ್ರಿ."

"ನಾಳಿ ಅಂದ್ನಲ್ಲ," ಎಂದು ನಕ್ಕು ರೊಟ್ಟಿ ಮುರಿದಿದ್ದರು.

ಬೆಳಿಗ್ಗೆ ಅವಳು ಚಹಾ ತಂದಾಗ ಅವರು ಏಳಲಿಲ್ಲ.

*

ಕಾಲೇಜಿನವರು ದೊಡ್ಡ ಹಾರ ತಂದರು. ಕಾಮರ್ಸ್ ಮೇಷ್ಟ್ರು ಅಮರೇಶ್ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಭಾಳ ಸಾದಾ ಮನುಷ್ಯ ಅಮ್ಮಾ. ಒಬ್ಬರ ಕೂಡ ಒಂದು ಮಾತಿಲ್ಲ, ಕತಿಯಿಲ್ಲ," ಎಂದರು.

ಅನ್ನದಾನಮ್ಮ ಸೆರಗು ಬಾಯಿಗಿಟ್ಟುಕೊಂಡು ಮೆಲ್ಲಗೆ ಕೇಳಿದಳು: "ಸರ್, ಅಣ್ಣತಮ್ಮರದು ಒಂದು ಹೇಳ್ತಿದ್ರು. ಬೇಲಿದು. ಕಡೀಕ ಏನಾತು ಅಂತ ನಿಮಗೇನರ ಗೊತ್ತೈತೇನ್ರಿ?"

ಅಮರೇಶ್ ಕರಿಸಿದ್ದಪ್ಪನ ಮುಖ ನೋಡಿದರು. ದನಿ ತಗ್ಗಿಸಿ, "ಆಸ್ತಿ ವಿಷಯ ಈಗ ಬ್ಯಾಡ್ರಿ ಅಮ್ಮಾ. ದಿನ ಕಳೀಲಿ, ಹಿರೇರನ್ನ ಕೂಡಿಸಿ ಮಾತಾಡೋಣಂತ," ಎಂದರು.

ಆಮೇಲೆ ಬಂದವಳು ಹಳೆಯ ವಿದ್ಯಾರ್ಥಿನಿ ಕೋಮಲಾ, ಕೊಟ್ಟೂರಿನ ಬ್ಯಾಂಕಿನಲ್ಲಿ ಕೆಲಸಕ್ಕಿದ್ದಳು. ಸರ್ ಪಾದ ಮುಟ್ಟಿ ಅತ್ತಳು. ಅವಳಿಗೆ ಆ ಕತೆ ಪಾಠಕ್ಕಿತ್ತು.

"ಹೂಂ ರೀ ಅಮ್ಮಾ, ಬೇಲಿ ಅಂದ್ರ ಸಿಂಬಲ್. ಥೀಮ್ ಬಂದು ಒಂಟಿತನ. ನಮಗ ಹತ್ತು ಮಾರ್ಕ್ಸಿಗೆ ಬಂದಿತ್ತು."

"ತಮ್ಮ ಬದುಕಿದ್ನೇನವ್ವ?"

ಕೋಮಲಾ ಕಣ್ಣೊರೆಸಿಕೊಂಡು ಯೋಚಿಸಿದಳು. ಬಹಳ ಹೊತ್ತು ಯೋಚಿಸಿದಳು. "ಕತಿ ನೆನಪಿಲ್ರಿ ಅಮ್ಮಾ," ಎಂದು ಅವಳ ಕೈ ಹಿಡಿದುಕೊಂಡಳು.

ಮೂಲೆಯಲ್ಲಿ ಕೂತ ನಾದಿನಿ ಸುಂಕಮ್ಮ ಪಕ್ಕದವಳಿಗೆ, "ಏನೇನೋ ಕೇಳಾಕತ್ಯಾಳ, ಪಾಪ. ಜೀವಕ್ಕ ಭಾಳ ಹಚ್ಕೊಂಡಾಳ," ಎಂದಳು.

ಬಿಸಿಲು ಇಳಿಯುವ ಹೊತ್ತಿಗೆ ಗುರುಸಂಗಪ್ಪನವರನ್ನು ಹೂವಿನ ವಿಮಾನದಲ್ಲಿ ಕೂಡಿಸಿ ಭಜನೆಯವರ ಹಿಂದೆ ಹೊತ್ತು ನಡೆದರು. ಕುಣಿಯಲ್ಲಿ ಕೂಡಿಸಿ ಮಣ್ಣು ಎಳೆಯುವ ಮುನ್ನ ಕರಿಸಿದ್ದಪ್ಪ ಕನ್ನಡಕ ತೆಗೆದು ಅಕ್ಕನ ಕೈಗೆ ಕೊಟ್ಟ.

*

ಮದುವೆಯಾದ ಹೊಸತರಲ್ಲಿ ಅವರು ಹೇಳಿದ ಮೊದಲನೇ ಕತೆಯಲ್ಲಿ ಒಂದು ಕೂಸು ಸಾಯುತ್ತಿತ್ತು. ಜ್ವರದ ಕೂಸನ್ನು ಗಾಡಿಯಲ್ಲಿ ಹಾಕಿಕೊಂಡು ತಾಯಿ ಡಾಕ್ಟರ ಹತ್ತಿರ ಹೊರಟರೆ, ದಾರಿಯಲ್ಲೇ ಅದರ ಮೈ ತಣ್ಣಗಾಗುತ್ತಿತ್ತು. ಅನ್ನದಾನಮ್ಮನ ಬಸಿರು ಇಳಿದು ಆಗಿನ್ನೂ ತಿಂಗಳು ತುಂಬಿರಲಿಲ್ಲ. ಮೇಷ್ಟ್ರಿಗೆ ಕತೆಯ ಭರದಲ್ಲಿ ಅದು ಹೊಳೆದಿರಲಿಲ್ಲ. ಅವಳು ಉಣ್ಣುತ್ತಿದ್ದ ತಾಟು ಸರಿಸಿ ಎದ್ದು ಹಿತ್ತಲಿಗೆ ಹೋದಳು.

ಅವರು ಹಿಂದೆಯೇ ಬಂದರು. ಅವಳ ಪಕ್ಕದಲ್ಲಿ ನಿಂತು, "ಕತಿ ಇನ್ನಾ ಐತಿ. ನಾಳಿ ಹೇಳ್ತೀನಿ," ಎಂದರು.

ಮರುದಿನ ಕೂಸು ಕಣ್ಣು ಬಿಟ್ಟಿತು. ಗಾಡಿಯ ಕುಲುಕಾಟಕ್ಕೆ ಉಸಿರು ತಿರುಗಿತಂತೆ. ಅಂದಿನಿಂದ ಎಲ್ಲ ಕತೆಗಳೂ ಮರುದಿನಕ್ಕೆ ಉಳಿಯುತ್ತಿದ್ದವು, ಮರುದಿನ ಎಲ್ಲವೂ ನೆಟ್ಟಗಾಗುತ್ತಿದ್ದವು. ಅಮೆರಿಕದವರು ಒಳ್ಳೆಯ ಮಂದಿ ಎಂದೇ ಅನ್ನದಾನಮ್ಮ ಇಷ್ಟು ವರ್ಷ ತಿಳಿದಿದ್ದಳು.

*

ಮಣ್ಣು ಮುಗಿಸಿ ಬಂದವರು ಚದುರಿದ ಮೇಲೆ ಗೇಟಿನ ಹತ್ತಿರ ಒಬ್ಬ ನಿಂತಿದ್ದ. ಮೇಷ್ಟ್ರ ಹಳೆಯ ವಿದ್ಯಾರ್ಥಿ, ತಂಬ್ರಹಳ್ಳಿಯ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಭೀಮೇಶ್. ಪರೀಕ್ಷೆಯ ಕೆಲಸವಿದ್ದು ಸುದ್ದಿ ತಡವಾಗಿ ತಿಳಿದಿತ್ತು.

"ಸರ್ ಮುಖ ನೋಡಾಕ ಸಿಗ್ಲಿಲ್ರಿ ಅಮ್ಮಾ," ಎಂದ.

"ಒಳಗ ಬಾಪ್ಪ. ನೀನು ಪುಸ್ತಕ ಒಯ್ಯಾಕ ಬರ್ತಿದ್ದಿ ಅಲ್ಲ?"

ಅವನಿಗೂ ಅದೇ ಪ್ರಶ್ನೆ ಕೇಳಿದಳು. ಭೀಮೇಶ್ ನಗಲಿಲ್ಲ, ಗಾಬರಿಯಾಗಲಿಲ್ಲ. ಕಪಾಟಿನಿಂದ ಆ ಪುಸ್ತಕ ತೆಗೆದು, ಕಿಟಕಿಯ ಬೆಳಕಿಗೆ ಹಿಡಿದು, ಕತೆಯ ಕೊನೆಯನ್ನು ಕನ್ನಡದಲ್ಲಿ ಹೇಳಿದ.

"'ಬೇಲಿ ಮ್ಯಾಲೆ ಕೈಯಿಟ್ಟು ನಿಂತ. ಅವನ ಹಿಂದ, ಎಳೆದ ದಾರಿ ಮ್ಯಾಲೆ, ಮತ್ತ ಮಂಜು ಬೀಳಾಕ ಹತ್ತಿತು.' ಅಷ್ಟೇ ರೀ ಅಮ್ಮಾ."

"ಆಮ್ಯಾಲೆ?"

"ಅಲ್ಲಿಗೆ ಮುಗೀತೈತಿ. ಕತಿಗಾರ ಬೇಕಂತ್ಲೇ ನಿಲ್ಲಿಸ್ಯಾನ, ಮುಂದಿಂದು ಓದೋರಿಗೆ ಬಿಟ್ಟಾನ ಅಂತ ಸರ್ ಹೇಳ್ತಿದ್ರು."

ಅನ್ನದಾನಮ್ಮ ಪುಸ್ತಕದ ಕಡೆ ನೋಡಿದಳು. "ಆ ಮುದಿ ಕುದುರಿ ಮಾರಿದ ರೈತನ ಕತಿ? ಕುದುರಿ ತಾನಽ ಹೊಳ್ಳಿ ಬಂದು ಬಾಗಿಲ ಮುಂದ ನಿಲ್ತೈತಲ್ಲ?"

ಭೀಮೇಶ್ ಏನೋ ಹೇಳಹೋಗಿ ತಡೆದುಕೊಂಡ.

"ಇದ್ದದ್ದು ಹೇಳಪ್ಪ."

"ಪುಸ್ತಕದಾಗ ಹೊಳ್ಳಿ ಬರೂದಿಲ್ರಿ. ಖಾಲಿ ಹಗ್ಗ ಹಿಡ್ಕೊಂಡು ಕೊಟ್ಟಿಗ್ಯಾಗ ಕೂತಿರ್ತಾನ. ಹಗ್ಗ ಏನನ್ನ ಸೂಚಿಸ್ತೈತಿ ಅಂತ ಪ್ರಶ್ನಿ ಬರ್ತಿತ್ತು."

"ಗಾಡಿಯಾಗಿನ ಕೂಸು?"

ಅವನು ತಲೆ ತಗ್ಗಿಸಿದ.

"ಆತು," ಎಂದಳು. "ಕತ್ತಲಾಗ್ತೈತಿ, ತಂಬ್ರಹಳ್ಳಿ ಬಸ್ ತಪ್ಪೀತು ನೋಡು. ಪುಸ್ತಕ ಇಲ್ಲೇ ಇರಲಿ. ಆ ಹಾಳಿ ಹಂಗಽ ತಗದಿಟ್ಟು ಹೋಗು."

ಅವನು ಹೋದ. ಸುಂಕಮ್ಮ ಒಳಗಿನಿಂದ ಚಹಾಕ್ಕೆ ಕರೆದಳು, ಮತ್ತೊಮ್ಮೆ ಕರೆದಳು. ಅನ್ನದಾನಮ್ಮ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಅವಳಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಅಚ್ಚಿನ ಸಾಲುಗಳು ಹಾಳೆಯ ನಡುಮಧ್ಯಕ್ಕೆ ಬಂದು ನಿಂತಿದ್ದವು. ಕೆಳಗಿನರ್ಧ ಬೆಳ್ಳಗೆ ಖಾಲಿ ಇತ್ತು. ಅವಳು ಕೊನೆಯ ಸಾಲಿನ ಕೆಳಗೆ ಬೆರಳಿಟ್ಟು, ಆ ಖಾಲಿ ಜಾಗದೊಳಗೆ, ಹಾಳೆಯ ಅಂಚಿನ ಕಡೆಗೆ, ನಿಧಾನಕ್ಕೆ ದಾರಿ ಎಳೆಯತೊಡಗಿದಳು.