ಸುಗ್ರಾಳ ಗುಸುಲ್

ಮೈಮೇಲಿನ ಚಾದರ ಸರಿಸಿದ ಮೀನಾಜ್ ಗಕ್ಕನೆ ಕೈ ಹಿಂದಕ್ಕೆಳೆದುಕೊಂಡಳು. ಅಕ್ಕ ಸುಗ್ರಾಳ ತೊಡೆಗೆ ಪಟ್ಟಿ ಹಚ್ಚಿ ಕೂರಿಸಿದ ರಬ್ಬರ್ ಪೈಪೊಂದು ಕಾಣಿಸಿತು. ಅದರ ತುದಿಗೆ ಮೂತ್ರದ ಚೀಲ.

"ಇದೇನಿದು?"

ಶವಕ್ಕೆ ಗುಸುಲ್ ಸ್ನಾನ ಮಾಡಿಸಲು ನೀರಿನ ತಂಬಿಗೆ ಹಿಡಿದು ನಿಂತಿದ್ದ ನೆರೆಮನೆಯ ಮೆಹರೀನ್ ತಲೆಯಾಡಿಸಿದಳು. "ನಂಗೂ ಗೊತ್ತಿಲ್ರಿ. ಹತ್ತು ವರ್ಷದಿಂದ ಬಾಜು ಮನ್ಯಾಗ ಅದೀನಿ, ಒಂದಿನಾನೂ ಹೇಳಿಲ್ಲ."

ಮೀನಾಜ್ ಪೈಪನ್ನು ಎಳೆದು ನೋಡಿದಳು. ಬರಲಿಲ್ಲ. ಇನ್ನೂ ಜಗ್ಗಲು ಹೆದರಿಕೆಯಾಯಿತು.

ಅಂಗಳದಿಂದ ಲಾಲ್ ಅಹ್ಮದ್, ಸುಗ್ರಾಳ ಬಾವ, ಕೂಗಿದ. "ಮಧ್ಯಾನದ ಜೋಹರ್ ನಮಾಜಿಗೆ ಒಂದೇ ತಾಸು ಉಳದದ. ಗುಸುಲ್ ಮುಗೀತೇನು?"

"ಆಪಾನ ಒಳಗ ಪೈಪ್ ಅದ. ಬರವಲ್ದು."

"ದವಾಖಾನಿ ಕಂಪೌಂಡರ್‌ನ ಕರಸ್ಲೇನು?"

"ಗಂಡಸು ಬ್ಯಾಡ." ಯುನೂಸ್, ಸುಗ್ರಾಳ ಗಂಡ, ಎದ್ದು ಬಂದು ಪರದೆಗೆ ಕೈಹಾಕಿದ. ಲಾಲ್ ಅಹ್ಮದ್ ತಮ್ಮನ ರಟ್ಟೆ ಹಿಡಿದ.

"ಸತ್ತ ಮ್ಯಾಲ ಹೆಂಡ್ತಿ ಮೈ ಮುಟ್ಟೂದು ಜಾಯಿಜ್ ಇಲ್ಲ. ನಿನಗ ಗೊತ್ತದ."

"ನಾಲ್ಕ್ ವರ್ಷ ನಾನೇ ಅದನ್ನ ಬದಲಿ ಮಾಡೀನಿ, ಭಾಯಿ."

ಅಣ್ಣ ಕೈ ಬಿಡಲಿಲ್ಲ. ಪರದೆಯೊಳಗಿಂದ ಅಕ್ಕನ ಗಂಡನತ್ತ ಮೀನಾಜಳ ದನಿ ಚೂಪಾಗಿ ಬಂತು. "ನನಗ ಯಾಕ ಹೇಳಲಿಲ್ರಿ, ದುಲ್ಹಾಭಾಯಿ?"

*

ಬ್ಲೌಸ್ ಹೊಲಿಯುತ್ತಿದ್ದ ಸುಗ್ರಾಗೆ ಕೆಮ್ಮಿದರೆ, ನಕ್ಕರೆ ಬಟ್ಟೆ ಒದ್ದೆಯಾಗುತ್ತಿತ್ತು. ದವಾಖಾನೆಯೊಂದರಲ್ಲಿ ಆಪರೇಷನ್ ಮಾಡಿ ಮೂತ್ರನಾಳದ ಕೆಳಗೆ ಆಧಾರಕ್ಕೆ ಸಣ್ಣ ಪಟ್ಟಿ ಕೂರಿಸಿದರು. ಸೋರುವುದು ನಿಂತಿತು. ಆದರೆ ಆಮೇಲೆ ಅರ್ಧ ತಾಸು ಕೂತರೂ ನಾಲ್ಕು ಹನಿ. ಪಟ್ಟಿ ಬಿಗಿಯಾಗಿದೆ ಎಂದು ಹೇಳುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ಸಡಿಲಿಸಿದರೂ ಸರಿಹೋಗದೆ, ನಾಲ್ಕು ವರ್ಷದ ಹಿಂದೆ ಪೈಪ್ ಹಾಕಿದರು.

ಆರು ವರ್ಷದ ಹಿಂದೆ, ಹುಮನಾಬಾದಿನಲ್ಲಿ ಮೀನಾಜಳ ಮಗಳ ನಿಕಾಹ್. ಶಾದಿಖಾನೆಯಲ್ಲಿ ಹೆಂಗಸರಿಗೆ ಒಂದೇ ಪಾಯಖಾನೆ. ಸುಗ್ರಾ ಮೂರನೇ ಸಲ ಒಳಗೆ ಕೂತಾಗ ಹೊರಗಿನವರು ಬಾಗಿಲು ಬಡಿದರು. ಮೂತ್ರ ಕಟ್ಟಿ ಅವಳ ಹೊಟ್ಟೆ ಕಲ್ಲಾಗಿತ್ತು. ನಿಕಾಹ್‌ಗೂ ಮೊದಲೇ ಗಂಡನ ಬೈಕ್ ಹತ್ತಿದಳು.

"ಮೀನಾಜ್‌ಗ ಏನ್ ಹೇಳ್ಲಿ?" ಯುನೂಸ್ ಕೇಳಿದ್ದ.

"ಏನೂ ಹೇಳಬ್ಯಾಡ್ರಿ. ಅಕಿ ಬೀಗರಿಗೆ ಗೊತ್ತಾದ್ರ ಮಾರಿ ಹ್ಯಾಂಗ ತೋರಸ್ಲಿ?"

ಮರುದಿನ ಮೀನಾಜ್ ಫೋನಿನಲ್ಲಿ, ನಿನಗೆ ಸೊಕ್ಕು ಎಂದು ಬೈದಳು. ಸುಗ್ರಾ ಕಾರಣ ಹೇಳದೆ ಫೋನಿಟ್ಟಳು. ಅಂದಿನಿಂದ ಹುಮನಾಬಾದಿನ ತಂಗಿಗೂ ಬಸವಕಲ್ಯಾಣದ ಅಕ್ಕನಿಗೂ ಮಾತು ನಿಂತಿತು. ನಿನ್ನೆ ಸಂಜೆ ಸೋಂಕು ಕಿಡ್ನಿಗೇರಿ ಮೈ ಸುಡುತ್ತಿದ್ದಾಗಲೂ ಸುಗ್ರಾ ತಂಗಿಗೆ ಹೇಳಲು ಬಿಟ್ಟಿರಲಿಲ್ಲ.

*

"ಯಾರಿಗೂ ಹೇಳಬ್ಯಾಡಂತ ಅಕೀನೇ ಕಸಮ್ ಹಾಕಿಸಿದ್ಳು," ಎಂದ ಯುನೂಸ್. "ಈಗ ನೀನೇ ತೆಗೀಬೇಕು, ಮೀನಾಜ್. ನಾ ಹೇಳ್ತೀನಿ." ಜೇಬಿನಿಂದ ಸಿರಿಂಜ್ ತೆಗೆದು ಪರದೆಯ ಕೆಳಗಿನಿಂದ ಸರಿಸಿದ. "ಪೈಪಿಗೆ ಎರಡು ಬಾಯಿ ಅವ. ಸಣ್ಣದಕ್ಕ ಇದನ್ನ ಹಚ್ಚು. ಒಳಗೊಂದು ಬಲೂನಿನಂಥ ಫುಗ್ಗಾ ಅದ, ಅದರ ನೀರು ಜಗ್ಗು."

"ಹಚ್ಚೀನಿ."

"ಈಗ ಜಗ್ಗು."

"ಬಂತು."

"ಇನ್ನೂ ಅದ. ಪೂರಾ ತೆಗಿ. ಜೋರ್ ಮಾಡಬ್ಯಾಡ, ಅಕಿಗೆ ನೋವು…"

ಒಳಗೆ ಮೀನಾಜ್ ಬಿಕ್ಕಿದ್ದು ಎಲ್ಲರಿಗೂ ಕೇಳಿಸಿತು. ಲಾಲ್ ಅಹ್ಮದ್ ತಮ್ಮನ ರಟ್ಟೆ ಬಿಟ್ಟು ಆಚೆ ನೋಡಿದ.

"ಈಗ ಪೈಪ್ ಎಳಿ. ಮೆಲ್ಲಕ."

ಪರದೆಯಾಚೆ ಮೂತ್ರದ ಚೀಲ ನೆಲಕ್ಕೆ ತಾಗಿದ ಸದ್ದಾಯಿತು.

"ಬಂತು, ದುಲ್ಹಾಭಾಯಿ. ಆಪಾಗ ಏನೂ ಆಗಿಲ್ಲ."

ಮೆಹರೀನ್ ಮೊದಲ ತಂಬಿಗೆ ನೀರು ಸುರಿದಳು. ಪರದೆಯ ಈಚೆ ಯುನೂಸ್ ಎರಡೂ ಕೈ ಎದೆಮಟ್ಟಕ್ಕೆ ಹಿಡಿದು ನಿಂತೇ ಇದ್ದ. ಎಡಗೈ ಏನನ್ನೋ ಹಗುರವಾಗಿ ಆನಿಸಿಕೊಂಡಿತ್ತು. ಬಲಗೈಯ ಎರಡು ಬೆರಳು ಬರಿ ಗಾಳಿಯನ್ನು ಇನ್ನೂ ಮೆಲ್ಲಗೆ ಎಳೆಯುತ್ತಿದ್ದವು.