ಬಾಯ್ಲರ್ ಮುಂದಿನ ಶಾಂತಿ

ನನ್ನ ಮಗ ಮಾದಯ್ಯ ತೀರಿಕೊಂಡ ಮೂರನೆಯ ದಿನ ಹೆಡತಲೆಯ ನಮ್ಮ ಮನೆಗೆ ಚೆಲುವರಾಜು ಬಂದ. ಮಗ ದುಡಿಯುತ್ತಿದ್ದ ನಂಜನಗೂಡಿನ ಕಾರ್ಖಾನೆಯ ಕಾರ್ಮಿಕ ಸಂಘಕ್ಕೆ ಅವನೇ ಅಧ್ಯಕ್ಷ. ಬಂದದ್ದು ಕಂಪನಿಯ ಕಾರಿನಲ್ಲಿ.

ನಲವತ್ತು ವರ್ಷದ ಹಿಂದೆ ಆ ಸಂಘ ಕಟ್ಟಿದವರಲ್ಲಿ ನಾನೂ ಒಬ್ಬ. ಎಂಟು ಗಂಟೆಯ ಮೇಲೆ ಬಲವಂತದಿಂದ ದುಡಿಸಬಾರದು, ಒಳಗೆ ಆದ ಸಾವನ್ನು ಒಳಗೇ ಆದದ್ದೆಂದು ಬರೆಯಬೇಕು ಎಂದು ಮೂವತ್ತೆಂಟು ದಿನ ಗೇಟಿನ ಮುಂದೆ ಕುಳಿತಿದ್ದೆವು. ಊರವರು ಕಳಿಸಿದ ಮುದ್ದೆ, ಪೊಲೀಸರು ಕೊಟ್ಟ ಏಟು, ನಾಲಗೆಯ ಮೇಲೆ ನಂಜುಂಡೇಶ್ವರನ ಹೆಸರು, ಇಷ್ಟೇ ನಮ್ಮ ಬಂಡವಾಳ. ಚೆಲುವರಾಜುವಿನ ಅಪ್ಪ ನನ್ನ ಪಕ್ಕದಲ್ಲೇ ಕುಳಿತಿದ್ದ. ಅಂಥವನ ಹೊಟ್ಟೆಯಲ್ಲಿ ಇಂಥವನು.

"ದೊಡ್ಡಪ್ಪ, ಇದ್ಕೊಂದು ಸೈನ್ ಆಕ್ಬುಡಿ. ಮಾದಣ್ಣ ಡ್ಯೂಟಿ ಮುಗುಸ್ಕೊಂಡು ಈಚೆ ಬಂದು ಬಸ್‌ಸ್ಟಾಪಲ್ಲಿ ಕುಸ್ದುಬಿದ್ದ ಅಂತ ಅದೆ."

"ಬಿದ್ದುದ್ದು ಬಾಯ್ಲರ್ ಮುಂದೆ ಕಣ್ಲಾ. ಆ ಕಾವಲ್ಲಿ ಎರಡು ಶಿಫ್ಟು ಒಂದೇ ಸಮ ನಿಲ್ಸಿದ್ರು."

"ಕಂಡೋರ್ಯಾರು? ಕಂಟ್ರಾಕ್ಟ್ ಉಡುಗ್ರು ಬಾಯ್ಬುಡಲ್ಲ. ಸೈನ್ ಮಾಡಿ, ವನಿತಾಗೆ ಕ್ಯಾಂಟೀನಲ್ಲಿ ಕೆಲ್ಸ ಕೊಡುಸ್ತೀನಿ."

"ನಿಮ್ಮಪ್ಪ ಏಟು ತಿಂದಿದ್ದು ನೀನು ಕಂಪ್ನಿ ಕಾರಲ್ಲಿ ಎಸಿ ಗಾಳಿ ಕುಡೀಲಿ ಅಂತ್ಲಾ?"

ಒಳಗಿನಿಂದ ನನ್ನ ಸೊಸೆ ವನಿತಾ ಬಂದಳು. "ಸೂತಕದ ಮನೆ ಅಣ್ಣ. ಕಾಫಿನೂ ಇಲ್ಲ, ಸೈನೂ ಇಲ್ಲ. ಓಗಿ."

ಸಾವಿನ ಮನೆಯಲ್ಲಿ ಹೋಗಿಬನ್ನಿ ಎನ್ನುವುದಿಲ್ಲ. ಆ ಕಟ್ಟಳೆ ಇಲ್ಲದಿದ್ದರೂ ಅವಳು ಅನ್ನುತ್ತಿರಲಿಲ್ಲ.

ನಾವು ಕೊಟ್ಟ ದೂರಿನ ಮೇಲೆ ಕಾರ್ಮಿಕ ಅಧಿಕಾರಿ ವಿಚಾರಣೆಗೆ ದಿನ ಗೊತ್ತುಮಾಡಿದ್ದರು. ಮಗ ಒಳಗೇ ಸತ್ತ ಎನ್ನಲು ನಮ್ಮ ಕಡೆ ಒಬ್ಬ ಸಾಕ್ಷಿಯೂ ಇರಲಿಲ್ಲ. ಒಂಬತ್ತನೆಯ ದಿನ ಅಸ್ಥಿ ಬಿಡಲು ತಿ. ನರಸೀಪುರದ ಸಂಗಮಕ್ಕೆ ಹೋದೆವು. ಅಲ್ಲಿ ಸಿಕ್ಕ ಪುರೋಹಿತರು ರಾಘವೇಂದ್ರ, ಇನ್ನೂ ಚಿಕ್ಕ ವಯಸ್ಸು. ಸಂಕಲ್ಪಕ್ಕೆ ಹೆಸರು ಕೇಳಿದರು.

"ಮಾದಯ್ಯ. ಎಡತಲೆ ಶಿವಣ್ಣನ ಮಗ."

ದರ್ಭೆ ಹಿಡಿದ ಕೈ ನಿಂತಿತು. "ಈ ಹೆಸರಿಗೆ ನಾಲ್ಕು ದಿನದ ಹಿಂದೆ ಪ್ರೇತಶಾಂತಿ ಮಾಡಿದ್ದೀನಲ್ಲ ಯಜಮಾನರೇ! ನಂಜನಗೂಡಿನ ಫ್ಯಾಕ್ಟರಿಯಲ್ಲಿ."

ಆಮೇಲೆ ಎಲ್ಲವನ್ನೂ ಹೇಳಿದರು. ಆಳು ಸತ್ತ ಜಾಗದಲ್ಲಿ ಶಾಂತಿಯಾಗದೆ ಬಾಯ್ಲರಿಗೆ ಬೆಂಕಿ ಹಾಕುವುದಿಲ್ಲ ಎಂದು ಕೆಲಸದವರು ಹಟ ಹಿಡಿದರಂತೆ. ನಂಜನಗೂಡಿನ ಪುರೋಹಿತರನ್ನು ಕರೆದರೆ ಊರಿಗೆಲ್ಲ ಸುದ್ದಿಯಾಗುತ್ತದೆಂದು ಮ್ಯಾನೇಜರು ಇವರನ್ನು ಕರೆಸಿದ್ದ. ಅವನು ಕಳಿಸಿದ್ದ ಮೆಸೇಜನ್ನು ಫೋನಿನಲ್ಲಿ ತೋರಿಸಿದರು: 'ಮಾದಯ್ಯ, ತಂದೆ ಶಿವಣ್ಣ, ಹೆಡತಲೆ. ಎರಡನೇ ಬಾಯ್ಲರ್ ಮುಂದೆ ಮರಣ. ಅದೇ ಜಾಗದಲ್ಲಿ ಶಾಂತಿ ಆಗಬೇಕು.'

ಒಂಬತ್ತು ದಿನದಲ್ಲಿ ಮೊದಲ ಸಲ ನನಗೆ ನಗು ಬಂತು. ಸರ್ಕಾರಕ್ಕೆ ಸುಳ್ಳು, ದೇವರಿಗೆ ಮಾತ್ರ ನಿಜ. ದೇವರು ಸಾಕ್ಷಿ ಹೇಳಲು ಬರುವುದಿಲ್ಲ ಎಂಬ ಧೈರ್ಯ ಈ ಭಕ್ತರಿಗೆ. ಪುರೋಹಿತರು ಬರಬಹುದೆಂಬುದು ಹೊಳೆದಿರಲಿಲ್ಲ.

"ವಿಚಾರಣೆಗೆ ಬತ್ತೀರಾ ಸ್ವಾಮಿ?"

"ಅಗ್ನಿಯ ಮುಂದೆ ನಾನೇ ಬಾಯಿಬಿಟ್ಟು ಹೇಳಿದ ಜಾಗ. ಈಗ ಅಲ್ಲ ಅನ್ನೋದಕ್ಕಾಗುತ್ತಾ? ಬರ್ತೀನಿ."

ವಿಚಾರಣೆಯ ದಿನ ಮ್ಯಾನೇಜರು ಬಸ್‌ಸ್ಟಾಪಿನ ಕಥೆ ಒಪ್ಪಿಸಿದ. ಚೆಲುವರಾಜು ಕೋಲೆ ಬಸವನ ಹಾಗೆ ತಲೆಯಾಡಿಸಿದ. ರಾಘವೇಂದ್ರ ಫೋನನ್ನು ಮೇಜಿನ ಮೇಲಿಟ್ಟರು. ಅಧಿಕಾರಿ ಹೇಮಲತಾ ಅದನ್ನು ಎಲ್ಲರಿಗೂ ಕೇಳುವಂತೆ ಓದಿದರು.

"ಬಸ್‌ಸ್ಟಾಪಿನಲ್ಲಿ ಸತ್ತವರಿಗೆ ಬಾಯ್ಲರ್ ಮುಂದೆ ಯಾಕ್ರೀ ಶಾಂತಿ?"

"ಮೇಡಂ, ಅದು ನೌಕರರ ನಂಬಿಕೆ..."

"ನಂಬಿಕೆ ಅವರದು, ಮೆಸೇಜು ನಿಮ್ಮದು."

ಮ್ಯಾನೇಜರು ಕನ್ನಡಕ ತೆಗೆದು ಒರೆಸತೊಡಗಿದ. ಅಧಿಕಾರಿ ಬರೆದರು: 'ಮರಣದ ಸ್ಥಳ: ಕಾರ್ಖಾನೆಯ ಒಳಗೆ, ಎರಡನೇ ಬಾಯ್ಲರ್ ಮುಂದೆ.' ವನಿತಾ ಆ ಸಾಲನ್ನು ಎರಡು ಸಲ ಓದಿ, ಸೆರಗಿನಿಂದ ಕಣ್ಣೊರೆಸಿಕೊಂಡು ರುಜು ಹಾಕಿದಳು.

ಹೊರಗೆ ಬಂದರೆ ಚೆಲುವರಾಜು ಹಾರ ಹಿಡಿದು ನಿಂತಿದ್ದ. ಎಲ್ಲಿಂದ ತರಿಸಿದನೋ. "ಸಂಗದ ಓರಾಟಕ್ಕೆ ಜಯ ಸಿಕ್ತು ದೊಡ್ಡಪ್ಪ! ಬನ್ನಿ, ಒಂದು ಫೋಟೋ. ಗ್ರೂಪಿಗೆ ಆಕ್ಬೇಕು."

"ಬಾಯ್ಲರ್ ಮುಂದೆ ಓಗಿ ನಿಂತ್ಕಂಡು ತೆಗುಸ್ಕೊ ಕಣ್ಲಾ," ಎಂದೆ. "ಶಾಂತಿ ಆಗ್ಯದೆ, ಎದರ್ಕೊಬ್ಯಾಡ."